ಸೋಮವಾರದ ಎತ್ತುಗಳು

ಫ್ರೆಂಚರ ದಂಡನ್ನು ಶಿಕಾರಿಪುರದ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ನಡೆಸುವವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಲ್ಲಾದ ಪಕ್ಕದ ಕಂಪ್ಯೂಟರ್ ತೆರೆದು ರಷ್ಯಾದ ಮೇಲೆ ದಂಡೆತ್ತಿ ಹೋಗುತ್ತೇನೆ. ರಷ್ಯಾವನ್ನು ಕಾಯುವವನು ಸೊರಬದಲ್ಲಿರುವ ನನ್ನ ಗೆಳೆಯ. ಅವನದು ಮರಗೆಲಸ. ಬಾಗಿಲು, ಮಂಚ, ಬೀರು ಮಾಡಿ ಮಾರುತ್ತಾನೆ. ಕೈಯಲ್ಲಿ ಕೀಸುಳಿ ಇಲ್ಲದಾಗ ಫೋನ್ ಹಿಡಿದು ನನ್ನ ಸೈನಿಕರನ್ನು ಕೊಲ್ಲುತ್ತಾನೆ.

ಫ್ರೆಂಚರು ಮಾಸ್ಕೋಗೆ ಹೋಗಿ ಚಳಿಗೂ ಹಸಿವಿಗೂ ಸಿಕ್ಕಿ ಹೈರಾಣಾದ ಕಥೆಯನ್ನು ಯಾರೋ ಪುಣ್ಯಾತ್ಮರು ಹಾಸಿನ ಮೇಲಿನ ಆಟ ಮಾಡಿದ್ದಾರೆ. ಈಗ ಅದನ್ನು ಇಂಟರ್ನೆಟ್ಟಿನಲ್ಲೇ ಆಡಬಹುದು. ಚೌಕಾಬಾರದ ಹಾಗೆ ಇದಕ್ಕೂ ಮನೆಗಳಿವೆ, ಆದರೆ ಜೇನುಹುಟ್ಟಿನಂತೆ ಆರು ಮೂಲೆಯವು. ಕಾಯಿಗಳೆಂದರೆ ಕಾಲಾಳು, ಕುದುರೆ, ಫಿರಂಗಿ. ದಾಳವನ್ನು ಕಂಪ್ಯೂಟರೇ ಉರುಳಿಸುತ್ತದೆ, ಅದಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಇಷ್ಟೆಲ್ಲ ದಂಡಿದ್ದರೂ ಹಿಂದಿನಿಂದ ರೊಟ್ಟಿಯ ಬಂಡಿಗಳು ಬಾರದೆ ಯಾರೂ ಯುದ್ಧ ಮಾಡುವಂತಿಲ್ಲ. ಆ ಬಂಡಿಯ ಕಾಯಿಯ ಮೇಲೆ ಜೋಡೆತ್ತಿನ ಪುಟ್ಟ ಚಿತ್ರವಿದೆ. ನನ್ನ ಕಷ್ಟವೆಲ್ಲ ಶುರುವಾದದ್ದು ಆ ಚಿತ್ರದಿಂದ.

ಒಂದು ದಿನ ಮನೆಯಲ್ಲಿ ಕೂತು ಆಡುತ್ತಿದ್ದೆ. ಅವ್ವ ಅವರೆಕಾಯಿ ಬಿಡಿಸುತ್ತ ಪಕ್ಕಕ್ಕೆ ಬಂದು ತೆರೆಯನ್ನು ನೋಡಿದಳು.

"ಏನೋ ಅದು, ಎತ್ತೇನು?"

"ಹೂಂ ಅವ್ವ, ಬಂಡಿ ಮುಂದಕ್ಕೆ ಹೊಡೀಬೇಕು."

"ಇವತ್ತು ಸ್ವಾಮಾರ ಅಲ್ಲೇನೋ?"

ಸೋಮವಾರ ನಮ್ಮ ಮನೆಯಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆದರೆ ನಮ್ಮ ಕೊಟ್ಟಿಗೆಯಲ್ಲಿ ಈಗ ಎತ್ತುಗಳೇ ಇಲ್ಲ. ಅಂಬ್ಲಿಗೊಳದ ನಾಲೆಯ ಕೆಳಗಿನ ನಮ್ಮ ಗದ್ದೆಯನ್ನು ಬಾಡಿಗೆ ಟ್ರ್ಯಾಕ್ಟರ್ ಉಳುತ್ತದೆ, ಅದಕ್ಕೆ ವಾರವೂ ಇಲ್ಲ, ಬಸವಣ್ಣನೂ ಇಲ್ಲ. ನೇಮ ನಡೆಸಲು ಎತ್ತು ಸಿಗದೆ ಕೂತಿದ್ದ ಅವ್ವನಿಗೆ ನನ್ನ ಫ್ರೆಂಚ್ ಎತ್ತುಗಳು ಸಿಕ್ಕವು. ಅವಳ ಮುಖ ನೋಡಿ ಬಂಡಿಯನ್ನು ಇದ್ದಲ್ಲೇ ಬಿಟ್ಟೆ. ಆವತ್ತಿನಿಂದ ಅದೇ ರೂಢಿಯಾಯಿತು.

ಈ ಸಂಗತಿಯನ್ನು ಗೆಳೆಯನಿಗೆ ಹೇಳಿದ್ದು ನನ್ನ ಬುದ್ಧಿಗೇಡಿತನ. ಬಂದ ನಡೆಗೆ ಅದೇ ದಿನ ಅಂಗಡಿ ಮುಚ್ಚುವುದರೊಳಗೆ ಉತ್ತರ ಕೊಡಬೇಕೆಂಬುದು ನಮ್ಮ ಕರಾರು. ಭಾನುವಾರ ಮಾತ್ರ ಕರಾರಿಗೆ ರಜೆ. ಅವನು ಆವತ್ತು ಬೇಕೆಂದೇ ಸುಮ್ಮನಿದ್ದು, ಸೋಮವಾರ ಬೆಳಿಗ್ಗೆ ನಡೆ ಕಳಿಸತೊಡಗಿದ. ನನ್ನ ಬಂಡಿಗಳು ನಿಂತಲ್ಲೇ ನಿಲ್ಲುತ್ತಿದ್ದವು, ಮುಂದಿದ್ದ ಸೈನಿಕರು ಹಸಿದು ಸಾಯುತ್ತಿದ್ದರು. "ರಷ್ಯಾದ ಚಳಿಗಿಂತ ಶಿಕಾರಿಪುರದ ಸ್ವಾಮಾರನೇ ಜೋರು ಕಣಲೇ" ಎಂದು ಫೋನಿನಲ್ಲಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೋತರೆ ಸೋತೆ ಎನ್ನುವಂತಿರಲಿಲ್ಲ. ಸೋತವನು ಗೆದ್ದವನ ಊರಿಗೆ ಹೋಗಬೇಕು, ಗೆದ್ದವನು ಊಟ ಹಾಕಬೇಕು, ಇದು ನಮ್ಮ ಪಂಥ. ಪ್ರತಿ ಸಲವೂ ಸೋತು, ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ, ಅವನ ಹೆಂಡತಿ ಬಡಿಸಿದ್ದನ್ನು ಹೊಟ್ಟೆ ಬಿರಿಯುವಷ್ಟು ತಿಂದು ಬರುತ್ತಿದ್ದೆ. ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಅವನು ಇಲ್ಲಿಗೆ ಬರಬೇಕಿತ್ತು. ಅವನು ಹುಟ್ಟಿ ಬೆಳೆದದ್ದು ನಮ್ಮ ಹಿಂದಿನ ಓಣಿಯಲ್ಲಿ. ಶಾಲೆ ಬಿಟ್ಟರೆ ಅವನ ಚೀಲ ಬೀಳುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ. ಅವ್ವನ ಕೈಯ ರೊಟ್ಟಿಯಲ್ಲಿ ನನಗೆಷ್ಟು ಪಾಲೋ ಅವನಿಗೂ ಅಷ್ಟೇ. ಅವನ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಲ್ಲಿ ಜಗಳವಾಗಿ ಮನೆ ಮಾರಾಟವಾಯಿತು. ಅಪ್ಪ ತಮ್ಮ ಕೈಯಾರೆ ಮಾಡಿದ ತಲೆಬಾಗಿಲೂ ಮನೆಯ ಜೊತೆಗೇ ಹೋಯಿತು. ಆಮೇಲೆ ಅವನು ಈ ಊರಿನ ಕಡೆ ತಲೆ ಹಾಕಿಲ್ಲ. ಕರೆದಾಗಲೆಲ್ಲ "ಬರ್ತೀನಿ ಬಿಡಲೇ" ಎನ್ನುತ್ತಾನೆ. ಅವ್ವನಿಗೆ ಮಂಡಿನೋವು, ಬಸ್ಸು ಹತ್ತಲಾರಳು. "ಅವನು ಯಾವಾಗ ಬರ್ತಾನೋ?" ಎಂದು ಕೇಳುತ್ತಲೇ ಇರುತ್ತಾಳೆ. ಕೇಳಿದಾಗಲೆಲ್ಲ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಕರೆದರೆ ಬಾರದವನು ಸೋತರೆ ಬಂದೇ ಬರುತ್ತಾನೆ, ಪಂಥಕ್ಕೆ ತಪ್ಪುವ ಜಾತಿಯಲ್ಲ ಅವನು. ಹಾಗಾಗಿ ನಾನು ಮಾಸ್ಕೋ ಗೆಲ್ಲಲೇಬೇಕಿತ್ತು.

ಈ ಸಲ ಗೆಲುವು ಕೈಗೆ ಬಂದಿತ್ತು. ನನ್ನ ದಂಡು ಮಾಸ್ಕೋದ ಬಾಗಿಲಲ್ಲಿತ್ತು. ಬಂಡಿಗಳು ಒಂದೇ ಒಂದು ಮನೆ ಮುಂದೆ ಬಂದು ರೊಟ್ಟಿ ಮುಟ್ಟಿಸಿದರೆ ಊರು ನನ್ನದು. ತಡವಾದರೆ ಮರುದಿನ ಅವನಿಗೆ ಹೊಸ ಕುದುರೆ ಪಡೆ ಬರುವುದಿತ್ತು. ನನ್ನ ಪಾಳಿ ಬಂದದ್ದು ಸೋಮವಾರ ಬೆಳಿಗ್ಗೆ. ಮತ್ತೇನು, ಕಳಿಸಿದವನು ಅವನಲ್ಲವೇ?

ನಾನು ಅಂಗಡಿಯಲ್ಲಿದ್ದೆ, ಅವ್ವ ಮನೆಯಲ್ಲಿದ್ದಳು. ಬಂಡಿ ಹೊಡೆದರೆ ಅವಳಿಗೆ ಗೊತ್ತಾಗುವುದೂ ಇಲ್ಲ. ಮೌಸಿನ ಮೇಲೆ ಕೈಯಿಟ್ಟೆ, ತೆಗೆದೆ. ಗಿರಾಕಿಯೊಬ್ಬನಿಗೆ ಜೋಳದ ಬೀಜ ಕೊಡುವ ಬದಲು ಭತ್ತದ ಬೀಜ ಕೊಟ್ಟು ಬೈಸಿಕೊಂಡೆ. ಕಡೆಗೆ ಮನೆಗೆ ಫೋನ್ ಮಾಡಿದೆ.

"ಅವ್ವ, ಇವತ್ತೊಂದಿನ ಎತ್ತು ಹೂಡ್ಲಾ?"

"ಯಾವ ಎತ್ತೋ?"

"ಅದೇ ಕಂಪ್ಯೂಟರಿಂದು. ಫ್ರಾನ್ಸ್ ದೇಶದ್ದು."

"ಯಾವ ದೇಶದ್ದಾದ್ರೇನೋ, ಎತ್ತು ಎತ್ತೇ ಅಲ್ಲೇನು?" ಎಂದು ಫೋನಿಟ್ಟಳು.

ಯಾಕೆ ಗೆಲ್ಲಬೇಕು ಎಂದು ಹೇಳಿದ್ದರೆ ಒಪ್ಪುತ್ತಿದ್ದಳೋ ಏನೋ. ಆದರೆ ಅವನನ್ನು ಪಂಥದಲ್ಲಿ ಗೆದ್ದೇ ಕರೆಸಬೇಕಾಗಿದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಬಂಡಿಗಳನ್ನು ಇದ್ದಲ್ಲೇ ಬಿಟ್ಟು ಪಾಳಿ ಮುಗಿಸಿದೆ.

ಸ್ವಲ್ಪ ಹೊತ್ತಿಗೇ ಸೊರಬದಿಂದ ಫೋನ್ ಬಂತು. ಈ ಸಲ ಅವನು ನಗುತ್ತಿರಲಿಲ್ಲ.

"ಲೇ, ಗೆದ್ದ ಆಟ ಬಿಟ್ಟೆಯಲ್ಲಲೇ. ಇವತ್ತಾದ್ರೂ ಹೊಡೀತೀಯ ಅಂದ್ಕಂಡಿದ್ದೆ."

ನನಗೆ ತಡೆಯಲಾಗಲಿಲ್ಲ. "ಯಾಕೆ ಗೆಲ್ಬೇಕಿತ್ತು ಗೊತ್ತೇನಲೇ? ನಿನ್ನ ಇಲ್ಲಿಗೆ ಕರೆಸೋಕೆ. ಅವ್ವ ದಿನಾ ಕೇಳ್ತಾಳೆ. ಅವಳ ಮಾತು ಮುರಿದು ಅವಳಿಗೆ ನಿನ್ನ ಮುಖ ತೋರಿಸ್ಲಾ? ಆಡು ಹೋಗು, ನಿನ್ನ ಕುದುರೆ ಬರ್ತಾವಲ್ಲ ನಾಳೆ."

ಹಿಂದೆ ಅವನ ಗರಗಸದ ಯಂತ್ರ ಓಡುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಫೋನ್ ಕಟ್ಟಾಯಿತು.

ಅಂಗಡಿ ಮುಚ್ಚುವ ಮುಂಚೆ ತೆರೆಯನ್ನು ನೋಡಿದೆ. ಎದುರಾಳಿ ಶರಣಾಗಿದ್ದಾನೆ ಎಂದು ಬರೆದಿತ್ತು. ಮಾಸ್ಕೋ ಒಂದು ತುಂಡು ರೊಟ್ಟಿಯೂ ಇಲ್ಲದೆ ನನ್ನ ಕೈಗೆ ಬಂದಿತ್ತು.

ಭಾನುವಾರ ಅವನು ಬಂದ. ಬಸ್‌ಸ್ಟ್ಯಾಂಡಿನಿಂದ ನೇರ ಪೇಟೆಯ ಬೀದಿ ಹಿಡಿದು ಬಂದ, ಹಳೆಯ ಓಣಿಯ ಕಡೆಗೆ ತಿರುಗಲಿಲ್ಲ. ಅವ್ವ ಅವನ ಕೆನ್ನೆ ಸವರಿ, ತಟ್ಟೆಗೆ ಬಿಸಿ ರೊಟ್ಟಿ ಹಾಕಿ, "ಇಷ್ಟು ವರ್ಷ ಎಲ್ಲಿಗೆ ಹೋಗಿದ್ಯೋ?" ಎಂದಳು.

"ನಿನ್ನ ಮಗ ಗೆಲ್ಬೇಕಿತ್ತಲ್ಲವ್ವ. ಅದಕ್ಕೇ ತಡ ಆತು."

ಅವ್ವ ನನ್ನತ್ತ ಕೈ ತೋರಿಸಿ, "ಇವನು ಸಣ್ಣವನಿದ್ದಾಗಿಂದ್ಲೂ ಹಂಗೇ, ಎಲ್ಲ ತಡ" ಎಂದಳು. ಗೆದ್ದ ದಂಡನಾಯಕನಿಗೆ ಸಿಕ್ಕ ಮರ್ಯಾದೆ ಇಷ್ಟು.

ಸಂಜೆ ಹೊರಟಾಗ ಅವನೇ "ಓಣಿ ಕಡೆಯಿಂದ ಹೋಗೋಣ ನಡಿ" ಎಂದ. ನಾನು ಜೊತೆಗೆ ನಡೆದೆ. ಬಾಗಿಲು ಅಲ್ಲೇ ಇತ್ತು. ಅವನ ಅಪ್ಪ ಕೆತ್ತಿದ ಬಳ್ಳಿಯ ಮೇಲೆ ಯಾರೋ ಹಸಿರು ಬಣ್ಣ ಬಳಿದಿದ್ದರು. ಒಳಗಿನಿಂದ ಬಂದ ಮನೆಯಾಕೆ ಅವನು ನಿಂತು ನೋಡುವುದನ್ನು ಕಂಡು, "ಯಾರು ಬೇಕಿತ್ರೀ?" ಎಂದರು.

"ಯಾರೂ ಇಲ್ರೀ, ಬಾಗ್ಲು ನೋಡ್ತಿದ್ದೆ. ನಮ್ಮಪ್ಪ ಮಾಡಿದ್ದು."

"ಗಟ್ಟಿ ಬಾಗ್ಲು ಬಿಡ್ರೀ. ಹಾಕುವಾಗ ಒಂದೀಟು ಕಿರುಗುಡ್ತೈತೆ, ಅಷ್ಟೇ."

ಅವನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ, ಬಾಗಿಲನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಆಡಿಸಿದ. ಮೊಣಕಾಲೂರಿ ಕೆಳಗಿನ ಕೀಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಎದ್ದಾಗ ಅವನ ಕಣ್ಣುಗಳು ಕೆಂಪಾಗಿದ್ದವು.

"ಕೀಲು ಸವೆದೈತ್ರೀ. ಮುಂದಿನ ವಾರ ಸಾಮಾನು ತಂದು ಹಾಕಿಕೊಡ್ತೀನಿ."

ಬಸ್‌ಸ್ಟ್ಯಾಂಡಿನಲ್ಲಿ ನಾನು ಸುಮ್ಮನಿರಲಾರದೆ, "ಮುಂದಿನ ಆಟ ನೀನೇ ಗೆದ್ದರೆ?" ಎಂದು ಕೇಳಿದೆ.

"ಕೀಲು ಹಾಕೋಕೆ ಯಾರಾದ್ರೂ ಸೋಲ್ಬೇಕೇನಲೇ?" ಎಂದು ಅವನು ಬಸ್ಸು ಹತ್ತಿದ.