ಶೀನಣ್ಣ ಬ್ರೇಕು ಬದಲಿಸಿದ್ದು

ಶೀನಣ್ಣನ ಅಂಗಳದಲ್ಲಿ ಎಣ್ಣೆ ಕಾಣದ ಕಬ್ಬಿಣವೇ ಇರಲಿಲ್ಲ. ಗೇಟಿನ ಚಿಲಕ, ಬಾವಿಯ ರಾಟೆ, ಕತ್ತಿ, ಹಾರೆ, ಎಲ್ಲಕ್ಕೂ ಸಂಜೆಯ ಹೊತ್ತು ಹಳೆ ಬಟ್ಟೆಯ ಚೂರಿನಿಂದ ಎಣ್ಣೆ ಸವರುತ್ತಿದ್ದರು. ಬೈಂದೂರಿನ ಕಡಲ ಸಮೀಪ ನಮ್ಮಿಬ್ಬರ ಮನೆಗಳ ನಡುವೆ ಇದ್ದುದು ಒಂದು ಬೇಲಿ ಮಾತ್ರ.

"ಉಪ್ಪ್ ಗಾಳಿ ಮಾಷ್ಟ್ರೆ, ಬಿಟ್ರೆ ಕಬ್ಣ ತಿಂದ್ ಹಾಕತ್ತ್" ಎನ್ನುತ್ತಿದ್ದರು.

"ನಾನ್ ಒಂದ್ಗಳ್ಗಿ ಸುಮ್ನೆ ಕೂಕಂಡ್ರೆ ನಂಗೂ ಎಣ್ಣೆ ಉಜ್ಜುರ್" ಎಂದು ಹೆಂಡತಿ ಗುಲಾಬಕ್ಕ ಒಳಗಿನಿಂದಲೇ ಚುಚ್ಚುತ್ತಿದ್ದರು.

ಮೀನುಗಾರಿಕೆಯ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತ ಆಯುಷ್ಯ ಕಳೆದ ಅವರು, ದಡಕ್ಕೆ ಬಂದ ಮೇಲೆ ಹಳೆಯ ಕಾರೊಂದನ್ನು ಕೊಂಡಿದ್ದರು. ಅದರ ರಿಪೇರಿಯನ್ನು ಅನ್ಯರ ಕೈಗೆ ಕೊಟ್ಟವರಲ್ಲ. ಸ್ವಾವಲಂಬನೆಯ ಪರವಾಗಿ ವೇದಿಕೆಗಳಲ್ಲಿ ವಾದಿಸುತ್ತಿದ್ದ ನನಗೆ ಅವರೊಂದು ಸಿದ್ಧ ಉದಾಹರಣೆಯಾಗಿದ್ದರು.

ಮಗಳು ಸುಮತಿಗೆ ಹೆರಿಗೆ ಸಮೀಪಿಸಿತ್ತು. ಅವಳನ್ನು ಕುಂದಾಪುರದ ಆಸ್ಪತ್ರೆಗೆ ತಾವೇ ಕರೆದೊಯ್ಯಬೇಕೆಂಬ ಹಟ ಅವರದು. ಬ್ರೇಕು ಕಿರುಗುಟ್ಟುತ್ತಿದ್ದುದರಿಂದ ಹಿಂದಿನ ದಿನ ಮುಂದಿನ ಗಾಲಿಗಳನ್ನು ಬಿಚ್ಚಿದರು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಇಟ್ಟರು. ಗಾಲಿಯೊಡನೆ ತಿರುಗುವ ಡಿಸ್ಕನ್ನು ಕವಿದು ಕುಳಿತಿದ್ದ ಕ್ಯಾಲಿಪರನ್ನು ಕಳಚಿ, ಅದರ ಭಾರ ಪೈಪಿನ ಮೇಲೆ ಬೀಳದಂತೆ ತಂತಿಯಿಂದ ತೂಗುಹಾಕಿದರು. ಹೊಸ ಡಿಸ್ಕು, ಹೊಸ ಪ್ಯಾಡು ಕೂತವು. ಪೆಡಲು ಗಟ್ಟಿಯಾಗುವವರೆಗೆ ತುಳಿದು ನೋಡಿದರು. ನಾನು ಮನೆಗೆ ಹೊರಟಾಗ ಗಾಲಿ ಹಾಕುವುದಷ್ಟೇ ಬಾಕಿಯಿತ್ತು.

ಮರುದಿನ ಬೆಳಿಗ್ಗೆ ಜೊತೆಗೆ ನಾನೂ ಹೊರಟೆ. ಸುಮತಿ, ಗುಲಾಬಕ್ಕ ಹಿಂದಿನ ಸೀಟಿನಲ್ಲಿದ್ದರು. ನಮ್ಮ ದಾರಿ ಸಣ್ಣ ದಿಬ್ಬವೊಂದನ್ನು ಹತ್ತಿ ನೇರ ಹೆದ್ದಾರಿಗೆ ಇಳಿಯುತ್ತದೆ. ಇಳಿಯುವಾಗ ಶೀನಣ್ಣ ಮೊದಲ ಸಲ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದರು. ಎದುರಿಗೆ ಬಸ್ಸೊಂದು ರಭಸದಿಂದ ಬರುತ್ತಿತ್ತು.

"ಅಪ್ಪಯ್ಯ, ನಿಲ್ಸಿ" ಎಂದಳು ಸುಮತಿ, ತೀರ ಮೆಲ್ಲಗೆ.

ಹ್ಯಾಂಡ್‌ಬ್ರೇಕು ಎಳೆದು, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ಶೀನಣ್ಣ ಕಾರು ನುಗ್ಗಿಸಿದರು.

ಯಾರಿಗೂ ಗಾಯವಾಗಲಿಲ್ಲ. ತಾಯಿ ಮಗಳನ್ನು ಆಟೋದಲ್ಲಿ ಕಳುಹಿಸಿದೆವು. ಆಮೇಲೆ ಗಾಲಿ ಬಿಚ್ಚಿದ ಶೀನಣ್ಣ ಡಿಸ್ಕನ್ನು ಬೆರಳಿನಿಂದ ಮುಟ್ಟಿ, ಮೂಸಿ, ಆ ಬೆರಳನ್ನು ನನ್ನ ಮುಂದೆ ಹಿಡಿದರು.

"ನಾನೇ ಎಣ್ಣೆ ಹಚ್ದೆ ಮಾಷ್ಟ್ರೆ. ಹೊಸ ಕಬ್ಣ ಅಲ್ದಾ, ತುಕ್ಕ್ ಹಿಡಿತ್ತ್ ಅಂದೇಳಿ."

ಪ್ಯಾಡು ಡಿಸ್ಕನ್ನು ಉಜ್ಜಿ ಹಿಡಿದರಷ್ಟೇ ಗಾಡಿ ನಿಲ್ಲುತ್ತದೆ; ಅಲ್ಲಿ ಎಣ್ಣೆ ಸವರುವುದೆಂದರೆ ಬ್ರೇಕನ್ನೇ ಕಿತ್ತುಹಾಕಿದಂತೆ. ಆದರೆ ಬೋಟಿಗೆ ಬ್ರೇಕಿಲ್ಲ. ಆ ಕೈಗಳು ಒಂದು ಆಯುಷ್ಯವಿಡೀ ಸಲಹಿದ್ದು ಜಾರಬೇಕಾದ ಕಬ್ಬಿಣವನ್ನು. ಅಷ್ಟು ಅಕ್ಕರೆಯ ಕೈಯೇ ಮಗಳನ್ನು ಬಸ್ಸಿನ ಬಾಯಿಗೆ ಒಯ್ದಿತ್ತೆಂಬ ಆಘಾತ ನನ್ನ ಮೈಯಿಂದ ಇನ್ನೂ ಇಳಿದಿಲ್ಲ.

ಸುಮತಿಗೆ ಹೆಣ್ಣುಮಗುವಾಯಿತು. ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು, ಡಿಸ್ಕು ತೊಳೆದು, ಬೇರೆ ಪ್ಯಾಡು ಹಾಕಿ, ಶೀನಣ್ಣ ಕೀಲಿಯನ್ನು ಅಳಿಯನ ಕೈಗಿತ್ತರು. ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ.

ಅವರು ತೀರಿಕೊಳ್ಳುವ ಕೆಲವು ವಾರಗಳ ಮೊದಲು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮೊಮ್ಮಗಳು ಹೆಗಲ ಮೇಲೆ ನಿದ್ದೆಹೋಗಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮದಲ್ಲೇ, ಅವರು ಮತ್ತೆ ಕಾರು ಓಡಿಸಬೇಕೆಂದು ನಾನು ವಾದ ಹೂಡಿದೆ: ತಪ್ಪು ತಿಳಿದಿದೆ, ತಿದ್ದಿಯಾಗಿದೆ, ಕಾರಣ ಅಳಿದ ಮೇಲೆ ಭಯಕ್ಕೆ ಆಧಾರವಿಲ್ಲ.

ಅವರು ಕೊನೆಯವರೆಗೂ ಕೇಳಿದರು.

"ನೀವ್ ಹೇಳುದ್ ಸಮ ಮಾಷ್ಟ್ರೆ. ನಂಗೆ ಗೊತ್ತಾತ್ತ್. ಈ ಕಾಲಿಗ್ ಗೊತ್ತಾತಿಲ್ಲೆ. ಮಗು ಹಿಂದೆ ಕೂಕಂಡಿತ್ತ್ ಅಂದ್ರೆ ಅದ್ ನಡುಗತ್ತ್."

ಬೈಂದೂರಿನ ಬಸ್ಸು ಬಂತು. ಬಾಗಿಲು ತಾಗದಂತೆ ಮಗುವಿನ ತಲೆಗೆ ಅಂಗೈ ಅಡ್ಡ ಹಿಡಿದು ಅವರು ಹತ್ತಿದರು.