ಯಜಮಾನರೇ ಔಟಾದರು

ಗೆಳೆಯರೇ, ಇದನ್ನು ಕೇಳಿ. ಇವತ್ತು ನಮ್ಮಲ್ಲೇ ಹಳೆಯ ಕೆಲಸಗಾರ್ತಿ ಗಂಗಮ್ಮಜ್ಜಿ ನಮ್ಮ ಕಾರ್ಖಾನೆಯ ಯಜಮಾನರನ್ನೇ ಹೊರಗೆ ಕೂರಿಸಿದರು.

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಯಜಮಾನರು ಹಿಂದೆ ಕಬಡ್ಡಿ ಆಡಿದವರು. ತಪ್ಪು ಮಾಡಿದವರನ್ನು ಓಡಿಸಿದರೆ ಕಸುಬು ಉಳಿಯುವುದಿಲ್ಲ ಎಂದು ಅವರೇ ಆಟದ ನಿಯಮವನ್ನು ಇಲ್ಲಿಗೂ ತಂದಿದ್ದರು. ತಪ್ಪಿದವರು ಬಾಗಿಲಾಚೆ ಕಲ್ಲಿನ ಮೇಲೆ ಕೂರಬೇಕು. ಉಳಿದವರು ನಯವಾದ ನೂಲಿನ ಒಂದು ಲಡಿ, ಅಂದರೆ ಒಂದು ಸುರುಳಿ, ತೆಗೆದರೆ ಹೊರಗೆ ಕೂತವರು ಒಳಗೆ ಬರಬಹುದು.

ಬೆಳಿಗ್ಗೆ ಗೂಡಿನ ಮೂಟೆ ಬಿಚ್ಚಿದರೆ ಒಳಗಿಂದ ಚಿಟ್ಟೆಗಳು ಹೊರಬಂದವು. ಹಬೆ ಕೊಟ್ಟು ಒಳಗಿನ ಹುಳುವನ್ನು ಸಾಯಿಸದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡುತ್ತದೆ; ಅಂಥ ಗೂಡಿನಲ್ಲಿ ನೂಲು ಸಿಗುವುದಿಲ್ಲ. ಉಳಿದವನ್ನು ಕೂಡಲೇ ಬೇಯಿಸದಿದ್ದರೆ ನಮ್ಮೆಲ್ಲರ ವಾರದ ಕೂಲಿ ಹೋದಂತೆಯೇ. ಯಜಮಾನರು ಎಲ್ಲರ ಮೇಲೂ ಕೂಗಾಡತೊಡಗಿದರು.

ಅಜ್ಜಿ ಕೇಳಿದರು, “ಗೂಡಿಗೆ ಹಬೆ ಕೊಡಿಸ್ದೆ ಇಟ್ಟೋರು ಯಾರಪ್ಪ?”

“ನಾನೇ ಕಣಮ್ಮ. ಮರ್ತೋದೆ,” ಎಂದರು ಯಜಮಾನರು.

“ಹಂಗಾದ್ರೆ ನೀನು ಔಟು. ಆಚೆ ಹೋಗಿ ಕೂತ್ಕೋ.”

ಯಜಮಾನರು ಹೋಗಿ ಕಲ್ಲಿನ ಮೇಲೆ ಕೂತರು. ಕೂಗುವವರಿಲ್ಲದ ಕಾರಣ ಯಾರ ಕೈಯೂ ತಡವರಿಸಲಿಲ್ಲ. ಒಬ್ಬರು ಕಡಿಮೆಯಾದ್ದರಿಂದ ರಾಟೆ ತಿರುಗಿಸುವವನೇ ಒಲೆಗೂ ಸೌದೆ ಹಾಕಿದ. ಮಧ್ಯಾಹ್ನ ಮೊದಲ ಲಡಿ ಬಂದಾಗ ಯಜಮಾನರು ಎದ್ದು ನಿಂತರು.

ಅಜ್ಜಿ ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಇನ್ನೂ ದಪ್ಪ ಐತೆ. ಕೂತ್ಕೋಪ್ಪ.”

ಅವರು ಮತ್ತೆ ಕೂತರು.

ಆ ಕಲ್ಲಿನ ಮೇಲೆ ಬಿಸಿಲು ಸುಡುತ್ತದೆ ಎಂದು ನಾವು ಎಷ್ಟೋ ಸಲ ಹೇಳಿದ್ದೆವು. ಈಗ ಯಜಮಾನರೇ ನಾಳೆ ಅಲ್ಲಿ ಚಪ್ಪರ ಹಾಕಿಸುತ್ತಾರಂತೆ.