ಹೆಸರಿನ ಪಕ್ಕದ ಓಡುವ ಗೊಂಬೆ

ಕೋವಿಡ್ ಮುಗಿದ ಮರುವರ್ಷ. ಫೋನಿನಲ್ಲಿ ಆಡುವ ಒಂದು ಫುಟ್‌ಬಾಲ್ ಗೇಮಿಗೆ ನಾನು ಡಿಸೈನ್ ಅನಾಲಿಸ್ಟ್ ಆಗಿದ್ದೆ. ಆಟದ ನಿಯಮಗಳು ಆಡುವವರನ್ನು ಹೇಗೆ ನಡೆಸುತ್ತಿವೆ, ಎಲ್ಲಿ ಬೇಸರ ಬರುತ್ತದೆ, ಎಲ್ಲಿ ಮೋಸ ನಡೆಯುತ್ತದೆ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಆಲೂರಿನ ಮನೆಯ ಮಹಡಿಯ ಕೋಣೆಯೇ ಆಫೀಸು. ಆಟ ಆಡಿ ಸಂಬಳ ತಗೊಳ್ಳುವ ಪುಣ್ಯವಂತ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ನನಗೂ ಜಂಬವಿತ್ತು.

ಆಗಿನ ದೊಡ್ಡ ತಲೆನೋವೆಂದರೆ, ಸೋಲು ಖಚಿತವಾದ ಕೂಡಲೇ ಇಂಟರ್‌ನೆಟ್ ಆಫ್ ಮಾಡಿ ಪರಾರಿಯಾಗುವವರು. ಅದಕ್ಕೆ ನಾನೇ ಒಂದು ನಿಯಮ ಬರೆದೆ. ಸೋಲುತ್ತಿರುವವನ ಸಂಪರ್ಕ ಕಡಿದುಹೋಗಿ, ತೊಂಬತ್ತು ಸೆಕೆಂಡಿನಲ್ಲಿ ಅವನು ಮರಳದಿದ್ದರೆ ಒಂದು ಗುರುತು. ಹತ್ತು ಗುರುತಾದರೆ ಹೆಸರಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಒಂದು ಓಡುವ ಗೊಂಬೆಯ ಚಿತ್ರ. ಇಪ್ಪತ್ತಾದರೆ ಖಾತೆ ಬಂದ್. ಗೆಲ್ಲುತ್ತಿರುವಾಗ ಯಾರು ತಾನೇ ಓಡಿಹೋಗುತ್ತಾರೆ? ಆಗಿನ ಕಡಿತಗಳನ್ನು ಎಣಿಸುವ ಗೋಜಿಗೇ ಹೋಗಲಿಲ್ಲ. ಕಂಪನಿಯವರು ಬೆನ್ನು ತಟ್ಟಿದರು.

ಜುಲೈನಲ್ಲಿ ಒಂದು ಮನವಿ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದ ಕನ್ನಡವಾದ್ದರಿಂದ ಅದನ್ನು ನನಗೇ ದಾಟಿಸಿದ್ದರು. ಬರೆದವನು ಹೆತ್ತೂರಿನ ಗಿರೀಶ. ತಾನು ಆಟ ಬಿಟ್ಟು ಹೋಗಿಲ್ಲ, ಮಳೆಗೆ ಕರೆಂಟ್ ಹೋದರೆ ತಮ್ಮಲ್ಲಿ ಟವರೂ ಹೋಗುತ್ತದೆ, ಖಾತೆ ತೆರೆದುಕೊಡಿ ಎಂದಿದ್ದ. ವರದಿ ನೋಡಿದೆ. ಇಪ್ಪತ್ತು ಗುರುತು, ಇಪ್ಪತ್ತೂ ಸೋಲುತ್ತಿದ್ದಾಗಲೇ. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು, ನಿರ್ಧಾರ ಅಂತಿಮ ಎಂಬ ಸಿದ್ಧ ಉತ್ತರ ಕಳಿಸಿದೆ. ಅವನು ಮತ್ತೆ ಬರೆದ. ನಂಬಿಕೆ ಬಾರದಿದ್ದರೆ ಬಂದು ನೋಡಿ ಎಂದು ಮನೆಯ ವಿಳಾಸವನ್ನೂ ಕೊಟ್ಟಿದ್ದ. ಮತ್ತೆ ಅದೇ ಉತ್ತರ ಕಳಿಸಿದೆ. ಆ ಹೊತ್ತಿನಲ್ಲಿ ಆಲೂರಿನಲ್ಲೂ ಕರೆಂಟ್ ಇರಲಿಲ್ಲ. ನನ್ನ ಮನೆಯಲ್ಲಿ ಯುಪಿಎಸ್ ಇತ್ತು, ಅಷ್ಟೇ.

ಅಕ್ಟೋಬರಿನಲ್ಲಿ ಆ ಯುಪಿಎಸ್ಸಿನ ಬ್ಯಾಟರಿ ಸತ್ತಿತು. ಪರೀಕ್ಷೆಗೆಂದು ಒಂದು ಆಟ ಆಡುತ್ತಾ ಎರಡು–ಒಂದರಿಂದ ಮುಂದಿದ್ದೆ. ಕರೆಂಟ್ ಹೋಯಿತು, ವೈಫೈ ಆರಿತು, ಆಟ ಕಡಿದುಹೋಯಿತು. ಕರೆಂಟ್ ಬಂದ ಮೇಲೆ ನನ್ನ ವರದಿ ತೆರೆದರೆ ಆ ಕಡಿತದ ಸುಳಿವೇ ಇಲ್ಲ. ಗೆಲ್ಲುತ್ತಿದ್ದೆನಲ್ಲ! ಜುಲೈನ ಆ ಮನವಿ ನೆನಪಾಯಿತು. ಗಿರೀಶನ ಮೂಲ ದಾಖಲೆ ತೆಗೆಸಿ ನೋಡಿದೆ. ಒಟ್ಟು ನಲವತ್ತಮೂರು ಕಡಿತ. ಅದರಲ್ಲಿ ಇಪ್ಪತ್ತಮೂರು, ಅವನ ತಂಡ ಗೆಲ್ಲುತ್ತಿದ್ದಾಗ. ಓಡಿಹೋಗುವವನ ದಾಖಲೆ ಹೀಗಿರುವುದಿಲ್ಲ. ನೋಡುವ ಕಣ್ಣನ್ನು ನಾನೇ ಅರ್ಧ ಮುಚ್ಚಿಕೊಂಡಿದ್ದೆ.

ಆ ಭಾನುವಾರ ಹೆತ್ತೂರಿಗೆ ಹೋದೆ. ಬಾಗಿಲು ತೆರೆದ ಶೋಭಾ, ಗಿರೀಶನ ಹೆಂಡತಿ, ಒಳಗೆ ಕರೆದರು. ಕಿಟಕಿಯ ಪಕ್ಕದ ಮಂಚದಲ್ಲಿ ಅವನು ಮಲಗಿದ್ದ. ಆರು ವರ್ಷದ ಹಿಂದೆ ಸಿಲ್ವರ್ ಮರಕ್ಕೆ ಹಬ್ಬಿದ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಅದಕ್ಕೆ ಮೊದಲು ಹಾನುಬಾಳಿನ ಫುಟ್‌ಬಾಲ್ ತಂಡದಲ್ಲಿ ಎಡ ಅಂಚಿನ ಓಟಗಾರ. ಆ ತಂಡದ ಐವರು ದಿನಾ ಸಂಜೆ ತಂತಮ್ಮ ಮನೆಯಿಂದ ನಮ್ಮ ಗೇಮ್ ಆಡುತ್ತಿದ್ದರು. ಅದರಲ್ಲೂ ಎಡ ಅಂಚು ಇವನದೇ. ಗೊಂಬೆ ಬಂದ ಮೇಲೆ ಗೆಳೆಯರು ಮಾತು ಕಡಿಮೆ ಮಾಡಿದರು, ಖಾತೆ ಬಂದ್ ಆದ ಮೇಲೆ ಬೇರೆಯವನನ್ನು ಸೇರಿಸಿಕೊಂಡರು. ಇವನು ಮಗ್ಗುಲು ಬದಲಿಸುವುದನ್ನೂ ಬಿಟ್ಟ. ಬೆನ್ನಿನಲ್ಲಿ ಹುಣ್ಣಾಗಿ ಗಂಡ ಹೆಂಡತಿ ಒಂದು ತಿಂಗಳು ಹಾಸನದ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಶೋಭಾ ಇದನ್ನೆಲ್ಲ ನೆಲ ನೋಡುತ್ತಾ ಹೇಳಿದರು.

ನಾನು ಯಾರೆಂದು ಹೇಳಿಕೊಂಡೆ. ಅವನು ಬೈದಿದ್ದರೆ ಚೆನ್ನಾಗಿತ್ತು.

"ನಾನು ಎದ್ದು ಬಚ್ಚಲಿಗೆ ಹೋಗಿ ಆರು ವರ್ಷ ಆಯ್ತು ಸಾರ್," ಎಂದ. "ನೀವು ನನ್ನ ಹೆಸ್ರಿನ ಪಕ್ಕ ಓಡೋ ಗೊಂಬೆ ಹಾಕ್ಬುಟ್ರಿ."

ನಾಳೆಯೇ ಖಾತೆ ತೆರೆಯುತ್ತೇನೆ ಎಂದೆ.

"ಖಾತೆ ಹಾಳಾಗ್ಲಿ. ಕರೆಂಟ್ ಹೋಗಿದ್ದು, ಗಿರೀಶ ಓಡೋಗ್ಲಿಲ್ಲ ಅಂತ ನಮ್ಮ ಮಂಜಂಗೆ ಹೇಳಿ ಸಾರ್. ಅಷ್ಟು ಸಾಕು."

ಅಂದೇ ಹಾನುಬಾಳಿಗೆ ಹೋದೆ. ಮಂಜ ಆ ತಂಡದ ಕ್ಯಾಪ್ಟನ್, ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಎಲ್ಲ ಕೇಳಿ, ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ.

"ಕರೆಂಟ್ ಹೋಯ್ತು ಅಂತ ಅವ್ನೇ ಬಾಯ್ಬುಟ್ಟು ಹೇಳಿದ್ದ ಮಾರಾಯ್ರೆ. ನಾವು ಗೊಂಬೆ ನಂಬುದ್ವಿ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಹೇಗಾದರೂ ಹೋಗಿ ಎಂದೆ. ಗಿರೀಶ, ಮಂಜ ಇಬ್ಬರೂ ಒಂದೇ ತಾಲೂಕಿನವರು. ನಾನು ಕೊನೆಯ ಬಾರಿ ವಿಚಾರಿಸಿದಾಗಲೂ ಮಂಜ ಹೋಗಿರಲಿಲ್ಲ.

ನಿಯಮ ಬದಲಾಯಿತು, ಗೊಂಬೆಯನ್ನು ತೆಗೆಸಿದೆ. ಗಿರೀಶನಿಗೆ ನನ್ನ ಹೆಸರು ಹಾಕಿ ಕನ್ನಡದಲ್ಲೇ ಕ್ಷಮೆಯ ಪತ್ರ ಬರೆದೆ, ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಈಗ ಯಾವ ವರದಿ ಕೈಗೆ ಬಂದರೂ, ಇದರಲ್ಲಿ ಎಣಿಸದೆ ಬಿಟ್ಟದ್ದು ಯಾವುದು ಎಂದು ಮೊದಲು ಕೇಳುತ್ತೇನೆ. ಮನುಷ್ಯ ತಾನಾಗಿ ಬಂದು ಹೇಳಿದ ಮಾತಿಗಿಂತ ನಾನು ಬರೆದ ನಿಯಮವನ್ನು ಹೆಚ್ಚು ನಂಬಿದ್ದಕ್ಕೆ ತೆತ್ತ ಬೆಲೆ ನನ್ನದಲ್ಲ, ಇನ್ನೊಬ್ಬನದು. ಅದು ನನ್ನನ್ನು ಈಗಲೂ ಸುಡುತ್ತದೆ.

ಅವನ ಖಾತೆ ತೆರೆದೇ ಇದೆ. ಆಗಾಗ ನೋಡುತ್ತೇನೆ, ಇದನ್ನು ಬರೆಯಲು ಕೂರುವ ಮೊದಲೂ ನೋಡಿದೆ. ಕೊನೆಯ ಆಟ ಆ ಜುಲೈನದೇ. ಎಪ್ಪತ್ತೊಂದನೇ ನಿಮಿಷದಲ್ಲಿ ಕಡಿತ. ಒಂದೇ ಗೋಲಿನ ಹಿನ್ನಡೆ, ಇನ್ನೂ ಹತ್ತೊಂಬತ್ತು ನಿಮಿಷ ಬಾಕಿ ಇತ್ತು.